ಗಾರೆ, ಕಮಾನು, ಜಂತೆ: ಮೈಸೂರಿನ ಹಳೆಯ ಕಟ್ಟಡಗಳು ನಿಂತಿರುವ ಬಗೆ

2012ರ ಆಗಸ್ಟ್‌ನಲ್ಲಿ ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. ಅದಾದ ನಾಲ್ಕು ವರ್ಷಕ್ಕೆ, 2016ರ ಆಗಸ್ಟ್‌ನಲ್ಲಿ, ದುರಸ್ತಿ ನಡೆಯುತ್ತಿದ್ದಾಗಲೇ ದೇವರಾಜ ಮಾರುಕಟ್ಟೆಯ ಉತ್ತರದ ಹೆಬ್ಬಾಗಿಲ ಭಾಗ ನೆಲಕ್ಕುರುಳಿತು. ಅಂದಿನಿಂದ ಈ ಎರಡನ್ನೂ ಕೆಡವಿ ಹೊಸದಾಗಿ ಕಟ್ಟಬೇಕೇ ಅಥವಾ ಇದ್ದುದನ್ನೇ ಗಟ್ಟಿಗೊಳಿಸಬೇಕೇ ಎಂಬ ಚರ್ಚೆ ಪಾಲಿಕೆಯಿಂದ ತಜ್ಞರ ಸಮಿತಿಗೆ, ಅಲ್ಲಿಂದ ನ್ಯಾಯಾಲಯಕ್ಕೆ ಸುತ್ತಿದೆ. ಮಳೆಗಾಲ ಬಂದಾಗಲೆಲ್ಲ ಅದೇ ಮಾತು ಮತ್ತೆ ಏಳುತ್ತದೆ. ಆ ಸುದ್ದಿಗಳಲ್ಲಿ ಪಾರಂಪರಿಕ ಕಟ್ಟಡ, ಇಂಡೋ-ಸಾರ್ಸೆನಿಕ್ ಶೈಲಿ, ಮದ್ರಾಸ್ ತಾರಸಿ, ಸುಣ್ಣದ ಗಾರೆ ಎಂಬ ಪದಗಳು ಹಾದುಹೋಗುತ್ತವೆಯೇ ಹೊರತು ಅವು ಏನೆಂದು ಯಾರೂ ನಿಂತು ಹೇಳುವುದಿಲ್ಲ. ಆ ಪದಗಳನ್ನು ಒಂದೊಂದಾಗಿ ಬಿಡಿಸಿ, ಈ ಕಟ್ಟಡಗಳು ಹೇಗೆ ನಿಂತಿವೆ, ಏಕೆ ಬೀಳುತ್ತವೆ ಎಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶ.

ಅಂಚು-ಸೆರಗು ಬೇರೆ, ಹಾಸುಹೊಕ್ಕು ಬೇರೆ

ಮೊದಲು ಎರಡು ಸಂಗತಿಗಳನ್ನು ಬೇರ್ಪಡಿಸಿಕೊಳ್ಳಬೇಕು. ಕಟ್ಟಡದ ಶೈಲಿ ಎಂದರೆ ಅದು ಕಣ್ಣಿಗೆ ಕಾಣುವ ರೀತಿ: ಕಂಬದ ಮುಡಿ, ಕಮಾನಿನ ಬಾಗು, ಗುಮ್ಮಟದ ಆಕಾರ, ಕಿಟಕಿಯ ಸಾಲು. ಕಟ್ಟುವ ಬಗೆ ಎಂದರೆ ಗೋಡೆಯೊಳಗೆ ಏನಿದೆ, ಸೂರಿನ ಭಾರವನ್ನು ಯಾವುದು ಹೊರುತ್ತಿದೆ, ಇಟ್ಟಿಗೆಗೂ ಇಟ್ಟಿಗೆಗೂ ನಡುವೆ ಇರುವ ಅಂಟು ಯಾವುದು ಎಂಬುದು. ಸೀರೆಯ ಅಂಚು-ಸೆರಗುಗಳ ವಿನ್ಯಾಸ ಬೇರೆ, ನೂಲಿನ ಹಾಸುಹೊಕ್ಕು ಬೇರೆ. ಹತ್ತು ಬಗೆಯ ಅಂಚಿನ ಹತ್ತು ಸೀರೆಗಳನ್ನು ಒಂದೇ ಮಗ್ಗ, ಒಂದೇ ರೇಷ್ಮೆಯಲ್ಲಿ ನೇಯಬಹುದು.

ಮೈಸೂರಿನಲ್ಲಿ ಆಗಿರುವುದು ಹೆಚ್ಚುಕಡಿಮೆ ಅದೇ. ಗ್ರೀಕ್ ಮಾದರಿಯ ಕಂಬ, ಮೊಗಲ್ ಮಾದರಿಯ ಗುಮ್ಮಟ, ನಮ್ಮದೇ ತೊಟ್ಟಿ ಮನೆ ಎಂದು ಹೊರನೋಟಕ್ಕೆ ಎಷ್ಟೇ ಬೇರೆಯಾದರೂ, ಸಿಮೆಂಟು ಬರುವ ಮೊದಲು ಕಟ್ಟಿದ ಬಹುಪಾಲು ಕಟ್ಟಡಗಳ ಒಳಗೆ ಇರುವುದು ಕಲ್ಲು ಅಥವಾ ಸುಟ್ಟ ಇಟ್ಟಿಗೆ, ಮರ ಮತ್ತು ಸುಣ್ಣ. ಕುಸಿತದ ಸುದ್ದಿ ಬಂದಾಗ ನಾವು ಚರ್ಚಿಸುವುದು ಶೈಲಿಯನ್ನು. ಕುಸಿದಿರುವುದು ಮಾತ್ರ ಹಾಸುಹೊಕ್ಕು.

ಒಂದೇ ಊರಿನಲ್ಲಿ ಇಷ್ಟು ಶೈಲಿಗಳು ಏಕೆ?

ಮೈಸೂರು ಹಳೆಯ ಊರಾದರೂ ಇಂದು ಕಾಣುವ ನಗರ ಅಷ್ಟು ಹಳೆಯದಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ರಾಜಧಾನಿ ಮೈಸೂರಿಗೆ ಮರಳಿತು. 1831ರಲ್ಲಿ ಬ್ರಿಟಿಷರು ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡಾಗ ಕಚೇರಿಗಳು ಬೆಂಗಳೂರನ್ನು ಸೇರಿದವು. 1881ರಲ್ಲಿ ಚಾಮರಾಜೇಂದ್ರ ಒಡೆಯರ್ ಅವರಿಗೆ ಅಧಿಕಾರ ಹಿಂದಿರುಗಿತು. ಮೈಸೂರಿನ ಬಹುತೇಕ ದೊಡ್ಡ ಕಟ್ಟಡಗಳು ಈ ಕೊನೆಯ ಘಟನೆಯ ನಂತರದ ಅರವತ್ತು ವರ್ಷಗಳಲ್ಲಿ ಎದ್ದವು.

ರಾಜರಿಗೆ ಆಗ ಏಕಕಾಲಕ್ಕೆ ಹಲವರೊಡನೆ ಮಾತನಾಡಬೇಕಿತ್ತು. ದಸರೆಗೆ ಸೇರುವ ಪ್ರಜೆಗಳಿಗೆ ಅರಮನೆ ಭಾರತದ ರಾಜಮನೆತನದ್ದಾಗಿ ಕಾಣಬೇಕಿತ್ತು. ಅತಿಥಿಯಾಗಿ ಬರುವ ವೈಸ್‌ರಾಯ್‌ಗೆ ಯುರೋಪಿನ ಸೌಕರ್ಯವಿರುವ ಬಂಗಲೆ ಬೇಕಿತ್ತು. ಕಚೇರಿಗಳಿಗೆ ಗಾಂಭೀರ್ಯ, ಪೇಟೆಗೆ ನೆರಳು ಮತ್ತು ಗಾಳಿ ಬೇಕಿತ್ತು. ಇದರ ನಡುವೆ 1890ರ ದಶಕದ ಕೊನೆಯಲ್ಲಿ ಪ್ಲೇಗ್ ಬಂದು ಕಿಕ್ಕಿರಿದ ಕೇರಿಗಳನ್ನು ಬಿಡಿಸಿ ಹೊಸ ಬಡಾವಣೆಗಳನ್ನು ಮಾಡುವ ಅಗತ್ಯ ಉಂಟಾಯಿತು. 1903ರಲ್ಲಿ ಸ್ಥಾಪನೆಯಾದ ನಗರ ಸುಧಾರಣಾ ಟ್ರಸ್ಟ್ ಬೋರ್ಡ್ ಅಗಲ ರಸ್ತೆ, ಚರಂಡಿ, ಉದ್ಯಾನಗಳ ಕೆಲಸವನ್ನು ಕೈಗೆತ್ತಿಕೊಂಡಿತು. ನೇರ ರಸ್ತೆ, ಅದರ ತುದಿಯಲ್ಲೊಂದು ಗುಮ್ಮಟ ಎಂಬ ಮೈಸೂರಿನ ನೋಟ ಈ ಅವಧಿಯ ಫಲ.

ತೊಟ್ಟಿ ಮನೆ: ಅಂಗಳದ ಸುತ್ತ ಬದುಕು

ಅರಮನೆಗಳಿಗಿಂತ ಮೊದಲು ಮನೆಯನ್ನು ನೋಡುವುದು ಒಳ್ಳೆಯದು. ಅಗ್ರಹಾರಗಳ ಹಳೆಯ ಮನೆಗಳಲ್ಲಿ ಬೀದಿಗೆ ತಾಗಿದಂತೆ ಜಗಲಿ, ಅದನ್ನು ದಾಟಿದರೆ ಪಡಸಾಲೆ, ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಅದರ ಸುತ್ತ ನಡುಮನೆ, ಅಡುಗೆಮನೆ, ದೇವರಮನೆ, ಕೊನೆಗೆ ಹಿತ್ತಿಲು. ತೊಟ್ಟಿಯ ಸುತ್ತಲಿನ ಮರದ ಕಂಬಗಳ ತಲೆಯ ಮೇಲೆ ಇರುವ ಕೆತ್ತಿದ ಅಡ್ಡತುಂಡಿಗೆ ಬೋದಿಗೆ ಎಂದು ಹೆಸರು. ಅದು ಬರಿಯ ಅಲಂಕಾರವಲ್ಲ. ಮೇಲಿನ ತೊಲೆಗೆ ಕಂಬದ ಆಸರೆ ಸಿಗುವ ಜಾಗವನ್ನು ಅದು ಎರಡೂ ಕಡೆ ಚಾಚಿ ಹಿಗ್ಗಿಸುವುದರಿಂದ ತೊಲೆ ಬಾಗುವುದು ಕಡಿಮೆಯಾಗುತ್ತದೆ. ತಲೆಯ ಮೇಲೆ ಹೊರೆ ಹೊರುವವರು ಎರಡು ಕೈಗಳನ್ನು ಅಗಲಿಸಿ ಹಿಡಿದಂತೆ.

ಬಿಸಿಗಾಳಿ ಮೇಲೇರಿ ತೊಟ್ಟಿಯ ಮೂಲಕ ಹೊರಹೋಗುತ್ತದೆ, ಆ ಜಾಗವನ್ನು ತುಂಬಲು ಬಾಗಿಲು ಕಿಟಕಿಗಳಿಂದ ತಂಪುಗಾಳಿ ಒಳಬರುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಇಂಥ ಮನೆಯ ಜಗಲಿಯಿಂದ ಒಳಗೆ ಕಾಲಿಟ್ಟವರಿಗೆ ಈ ವ್ಯತ್ಯಾಸವನ್ನು ವಿವರಿಸುವ ಅಗತ್ಯವಿಲ್ಲ. ಸೂರಿಗೆ ಮೊದಲು ನಾಡಹೆಂಚು ಇರುತ್ತಿತ್ತು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ನಂತರ, ಒಂದರೊಳಗೊಂದು ಕಚ್ಚಿಕೊಳ್ಳುವ ಚಪ್ಪಟೆಯ ಮಂಗಳೂರು ಹೆಂಚು ಕ್ರಮೇಣ ಎಲ್ಲೆಡೆ ಹರಡಿತು.

ಕಂಬದ ಮುಡಿ ನೋಡಿ ಶೈಲಿ ಹೇಳುವುದು

ಯುರೋಪಿನ ಶಾಸ್ತ್ರೀಯ ಶೈಲಿಯೆಂದರೆ ಪ್ರಾಚೀನ ಗ್ರೀಕ್ ಮತ್ತು ರೋಮನ್ ಕಟ್ಟಡಗಳ ಅನುಕರಣೆ. ಅದನ್ನು ಗುರುತಿಸಲು ಕಂಬದ ತುದಿಯನ್ನು ನೋಡಿದರೆ ಸಾಕು. ಮುಡಿಯು ತಟ್ಟೆಯಂತೆ ಸರಳವಾಗಿದ್ದರೆ ಅದು ಡೋರಿಕ್ ಅಥವಾ ಅದರ ರೋಮನ್ ಸೋದರನಾದ ಟಸ್ಕನ್. ಸುತ್ತಿಟ್ಟ ಚಾಪೆಯ ಎರಡು ತುದಿಗಳಂತೆ ಸುರುಳಿಗಳಿದ್ದರೆ ಅಯೋನಿಕ್. ಎಲೆಗಳ ಗೊಂಚಲು ಅರಳಿದಂತಿದ್ದರೆ ಕೊರಿಂಥಿಯನ್.

ಬ್ರಿಟಿಷ್ ರೆಸಿಡೆಂಟರಿಗಾಗಿ 1805ರಲ್ಲಿ ಕಟ್ಟಿದ ಗವರ್ನಮೆಂಟ್ ಹೌಸ್ ಮೊದಲ ಬಗೆಯದು. ಅದರ ದೊಡ್ಡ ಸಭಾಂಗಣಕ್ಕೆ ನಡುವೆ ಕಂಬಗಳಿಲ್ಲ. ಆ ಸಭಾಂಗಣವನ್ನು ಸೇರಿಸಿದ ಎಂಜಿನಿಯರ್ ಡಿ ಹ್ಯಾವಿಲೆಂಡ್ ಶ್ರೀರಂಗಪಟ್ಟಣದಲ್ಲಿ ಒಂದು ಅಪೂರ್ವ ಇಟ್ಟಿಗೆ ಕಮಾನನ್ನು ಕಟ್ಟಿದ್ದರು. 112 ಅಡಿ ಅಗಲದ, ತೀರಾ ತಗ್ಗು ಬಾಗಿನ ಆ ಕಮಾನು ಯಾವ ಕಟ್ಟಡವನ್ನೂ ಹೊತ್ತಿರಲಿಲ್ಲ. ಇಷ್ಟು ಅಗಲದ ಇಟ್ಟಿಗೆಯ ಕಮಾನು ನಿಲ್ಲುತ್ತದೆ ಎಂದು ತೋರಿಸುವುದೇ ಅದರ ಕೆಲಸವಾಗಿತ್ತು. 1808ರ ಆ ಕಮಾನು 1936ರವರೆಗೆ, ಅಂದರೆ ಒಂದೂಕಾಲು ಶತಮಾನ, ಬಯಲಿನಲ್ಲಿ ಒಂಟಿಯಾಗಿ ನಿಂತಿತ್ತು.

1921ರಲ್ಲಿ ಅಡಿಗಲ್ಲು ಹಾಕಿದ ಲಲಿತ ಮಹಲ್‌ನ ವಿನ್ಯಾಸಕಾರ ಇ.ಡಬ್ಲ್ಯು. ಫ್ರಿಚ್ಲಿ. ವೈಸ್‌ರಾಯ್‌ಗಳ ವಸತಿಗೆಂದು ಕಟ್ಟಿದ ಈ ಬಿಳಿಯ ಅರಮನೆಯ ನಡುಗುಮ್ಮಟವನ್ನು ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್‌ಗೆ ಹೋಲಿಸುವುದು ರೂಢಿ. ಅದರ ಮುಂಭಾಗದ ಜೋಡಿ ಕಂಬಗಳ ಮುಡಿಯಲ್ಲಿ ಮೇಲೆ ಹೇಳಿದ ಸುರುಳಿಗಳನ್ನು ಕಾಣಬಹುದು. ಮಾನಸಗಂಗೋತ್ರಿಯ ಜಯಲಕ್ಷ್ಮೀ ವಿಲಾಸ, 1905ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರಿಗಾಗಿ ಸಿದ್ಧವಾದದ್ದು, ಈಗ ಜಾನಪದ ವಸ್ತುಸಂಗ್ರಹಾಲಯಕ್ಕೆ ನೆಲೆಯಾಗಿದೆ. ಎಲೆಗೊಂಚಲಿನ ಮುಡಿಗಳನ್ನು ನೋಡಬೇಕಾದವರು ಅಲ್ಲಿಗೆ ಹೋಗಬಹುದು.

ಇಂಡೋ-ಸಾರ್ಸೆನಿಕ್ ಎಂದರೇನು?

ಸಾರ್ಸೆನ್ ಎಂಬುದು ಅರಬರನ್ನೂ ಮುಸ್ಲಿಮರನ್ನೂ ಕುರಿತು ಹಳೆಯ ಕಾಲದ ಯುರೋಪಿನವರು ಬಳಸುತ್ತಿದ್ದ ಪದ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬ್ರಿಟಿಷ್ ವಾಸ್ತುಶಿಲ್ಪಿಗಳು ಮೊಗಲ್, ರಜಪೂತ, ಹಿಂದೂ ದೇವಾಲಯಗಳ ಅಂಗಗಳನ್ನು ಆರಿಸಿ ಯುರೋಪಿನ ನಕ್ಷೆಯ ಮೇಲೆ ಜೋಡಿಸಿ ರೂಪಿಸಿದ ಶೈಲಿಗೆ ಈ ಹೆಸರು ಬಂತು. ಗುರುತಿಸುವುದು ಸುಲಭ: ಈರುಳ್ಳಿಯಂತೆ ಉಬ್ಬಿದ ಗುಮ್ಮಟ, ನಾಲ್ಕೋ ಎಂಟೋ ಕಂಬಗಳ ಮೇಲೆ ಕೊಡೆಯಂತೆ ನಿಂತ ಛತ್ರಿ, ಎಸಳೆಸಳಾಗಿ ಕಡಿದ ಕಮಾನು, ಬಿಸಿಲು ತಡೆಯಲು ಚಾಚಿದ ಚಜ್ಜ.

ಅಂಬಾವಿಲಾಸ ಅರಮನೆ ಈ ಶೈಲಿಯ ಪ್ರಸಿದ್ಧ ಉದಾಹರಣೆ. ಇದರ ಹಿಂದಿನ ಅರಮನೆ ಬಹುಮಟ್ಟಿಗೆ ಮರದ್ದು. 1897ರ ಫೆಬ್ರವರಿಯಲ್ಲಿ ಇದೇ ಜಯಲಕ್ಷಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲಿ ಬೆಂಕಿ ಹತ್ತಿ ಅದು ಸುಟ್ಟುಹೋಯಿತು. ಆಗ ರೀಜೆಂಟ್ ಆಗಿದ್ದ ವಾಣಿವಿಲಾಸ ಸನ್ನಿಧಾನದವರು ಹೊಸ ಅರಮನೆಯ ವಿನ್ಯಾಸವನ್ನು ಹೆನ್ರಿ ಇರ್ವಿನ್ ಅವರಿಗೆ ಒಪ್ಪಿಸಿದರು. ಶಿಮ್ಲಾದ ವೈಸ್‌ರೀಗಲ್ ಲಾಡ್ಜ್ ಕೂಡ ಇವರದೇ ವಿನ್ಯಾಸ. 1912ರಲ್ಲಿ ಮುಗಿದ ಕೆಲಸಕ್ಕೆ 41 ಲಕ್ಷ ರೂಪಾಯಿಗೂ ಮಿಗಿಲಾದ ಖರ್ಚು ಬಂತು. 145 ಅಡಿ ಎತ್ತರದ ನಡುಗೋಪುರ, ಅದರ ನೆತ್ತಿಯಲ್ಲಿ ಬಂಗಾರದ ಗಿಲೀಟಿನ ಗುಮ್ಮಟ, ಮೂಲೆಗಳಲ್ಲಿ ಗಾಢ ಕೆಂಪಿನ ಗುಮ್ಮಟಗಳು, ಬೂದು ಬಣ್ಣದ ಕಲ್ಲಿನ ಗೋಡೆಗಳು ಎಲ್ಲರೂ ಬಲ್ಲ ಚಿತ್ರ.

ಹೆಚ್ಚಿನವರ ಗಮನಕ್ಕೆ ಬಾರದ ಸಂಗತಿ ಒಳಗಿದೆ. ಬೆಂಕಿಯ ಪಾಠ ಕಲಿತು, ಈ ಸಲ ಮರದ ಬದಲು ಕಲ್ಲು, ಇಟ್ಟಿಗೆ, ಕಬ್ಬಿಣವನ್ನು ಹೆಚ್ಚಾಗಿ ಬಳಸಲಾಯಿತು. ಎಂಟು ಮೂಲೆಯ ಕಲ್ಯಾಣ ಮಂಟಪದಲ್ಲಿ ನಿಂತು ಮೇಲೆ ನೋಡಿದರೆ ನವಿಲುಗಳ ಚಿತ್ತಾರದ ಬಣ್ಣದ ಗಾಜು ಕಾಣುತ್ತದೆ. ಆ ಗಾಜನ್ನು ಹೊತ್ತಿರುವ ಎತ್ತರದ, ತೆಳ್ಳನೆಯ ಕಂಬಗಳು ಕಲ್ಲಿನವಲ್ಲ, ಗ್ಲಾಸ್ಗೋದ ವಾಲ್ಟರ್ ಮ್ಯಾಕ್‌ಫಾರ್ಲೇನ್ ಕಂಪನಿಯ ಸಾರ್ಸೆನ್ ಫೌಂಡ್ರಿಯಲ್ಲಿ ಎರಕ ಹೊಯ್ದ ಕಬ್ಬಿಣದವು. ಕಲ್ಲಿನ ಕಂಬ ಅಷ್ಟು ಎತ್ತರಕ್ಕೆ ಅಷ್ಟು ಸಪೂರವಾಗಿ ಏರಲಾರದು. ಹೊರಗೆ ಪರಂಪರೆಯ ಮುಖ, ಒಳಗೆ ಆ ಕಾಲದ ಅತ್ಯಾಧುನಿಕ ಲೋಹವಿದ್ಯೆ ಎಂಬ ಈ ಜೋಡಣೆಯೇ ನನಗೆ ಅರಮನೆಯ ಅತ್ಯಂತ ಸ್ವಾರಸ್ಯದ ಭಾಗವಾಗಿ ಕಾಣುತ್ತದೆ.

ಇನ್ನೊಂದು ಶೈಲಿ ಗಾಥಿಕ್. ಮೇಲ್ತುದಿ ಚೂಪಾದ ಕಮಾನು, ಆಕಾಶಕ್ಕೆ ಚುಚ್ಚಿದಂಥ ಗೋಪುರ ಅದರ ಗುರುತು. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅಡಿಗಲ್ಲು ಹಾಕಿದ ಸೇಂಟ್ ಫಿಲೋಮಿನಾ ಚರ್ಚಿನ ಅವಳಿ ಗೋಪುರಗಳನ್ನು ನೋಡಿದವರಿಗೆ ಬೇರೆ ಉದಾಹರಣೆ ಬೇಡ.

ಪೇಟೆಯ ಕಟ್ಟಡಗಳು

1892ರ ಲ್ಯಾನ್ಸ್‌ಡೌನ್ ಕಟ್ಟಡಕ್ಕೆ ಆ ಕಾಲದ ವೈಸ್‌ರಾಯ್ ಹೆಸರನ್ನು ಇಡಲಾಯಿತು. ಹತ್ತಿರದ ಚಿಕ್ಕ ಗಡಿಯಾರ ಕೂಡ ಇನ್ನೊಬ್ಬ ವೈಸ್‌ರಾಯ್ ಡಫರಿನ್ ಅವರ ನೆನಪಿನದು. ನಾಲ್ವಡಿಯವರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ 1927ರಲ್ಲಿ ಎದ್ದ ದೊಡ್ಡ ಗಡಿಯಾರ ಅದಕ್ಕಿಂತ ಬಹಳ ನಂತರದ್ದು. ದೇವರಾಜ ಮಾರುಕಟ್ಟೆ ಒಂದೇ ಬಾರಿಗೆ ಎದ್ದದ್ದಲ್ಲ, ಹಂತಹಂತವಾಗಿ ಬೆಳೆದದ್ದು. ಸಯ್ಯಾಜಿರಾವ್ ರಸ್ತೆಯ ಕಡೆಗೆ ಅಂಗಡಿಗಳ ಉದ್ದನೆಯ ಸಾಲು, ಒಳಗೆ ಮಲ್ಲಿಗೆ ಮಾರುವವರ ಸಾಲು, ವೀಳ್ಯದೆಲೆ, ಬಾಳೆಹಣ್ಣು, ಗೋಪುರದಂತೆ ಒಟ್ಟಿದ ಕುಂಕುಮ.

ಇಂಥ ಕಟ್ಟಡಗಳಲ್ಲಿ ಶೈಲಿಗಿಂತ ಸಾಲುಕಮಾನಿನ ಮೊಗಸಾಲೆ ಮುಖ್ಯ. ಗಿರಾಕಿ ಮಳೆಯಲ್ಲಿ ನೆನೆಯದೆ, ಬಿಸಿಲಲ್ಲಿ ಬೇಯದೆ ಒಂದು ಅಂಗಡಿಯಿಂದ ಇನ್ನೊಂದಕ್ಕೆ ನಡೆಯಬಹುದು. ಕಮಾನು ಕೆಲಸ ಮಾಡುವ ಬಗೆಯನ್ನೂ ಇಲ್ಲೇ ತಿಳಿಯಬಹುದು. ಎದುರುಬದುರು ನಿಂತ ಇಬ್ಬರು ಅಂಗೈಗಳನ್ನು ಒತ್ತಿ ಒಬ್ಬರ ಮೇಲೊಬ್ಬರು ವಾಲಿದರೆ ಇಬ್ಬರೂ ಬೀಳುವುದಿಲ್ಲ, ಆದರೆ ಅವರ ಪಾದಗಳು ಹಿಂದಕ್ಕೆ ಜಾರಲು ನೋಡುತ್ತವೆ. ಕಮಾನಿನ ಇಟ್ಟಿಗೆಗಳೂ ಹಾಗೆಯೇ ಒಂದನ್ನೊಂದು ಒತ್ತಿ ನಿಲ್ಲುತ್ತವೆ, ಬುಡದಲ್ಲಿ ಹೊರಕ್ಕೆ ತಳ್ಳುತ್ತವೆ. ಸಾಲಿನಲ್ಲಿ ಒಂದು ಕಮಾನಿನ ತಳ್ಳುವಿಕೆಯನ್ನು ಪಕ್ಕದ ಕಮಾನು ಎದುರಿನಿಂದ ತಡೆಯುತ್ತದೆ. ಆದ್ದರಿಂದ ಅಂಗಡಿಯನ್ನು ಅಗಲಿಸಲೆಂದು ಒಂದು ಕಮಾನನ್ನು ಒಡೆದರೆ ಪೆಟ್ಟು ಬೀಳುವುದು ಪಕ್ಕದ್ದಕ್ಕೂ.

ಗಾರೆ: ಕಲ್ಲು ಸುಟ್ಟು ಮತ್ತೆ ಕಲ್ಲಾಗುವುದು

ಈಗ ಗೋಡೆಯೊಳಕ್ಕೆ ಬರೋಣ. ಸುಣ್ಣದ ಕಲ್ಲನ್ನು ಗೂಡಿನಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಸುಟ್ಟರೆ ಅದರಲ್ಲಿರುವ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಹಾಕಿದರೆ ಕೊತಕೊತನೆ ಕುದಿದು ಅರಳುತ್ತದೆ. ಅರಳಿದ ಸುಣ್ಣಕ್ಕೆ ಮರಳು, ಇಟ್ಟಿಗೆಯ ಪುಡಿ ಬೆರೆಸಿ, ಎತ್ತು ಕಟ್ಟಿದ ಗಾಣದಲ್ಲಿ ಬೆಣ್ಣೆಯಂತಾಗುವವರೆಗೆ ಅರೆದರೆ ಅದೇ ಗಾರೆ. ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರನ್ನು ಸೇರಿಸುವುದು ದಕ್ಷಿಣ ಭಾರತದ ಹಳೆಯ ರೂಢಿ. ಗೋಡೆಗೆ ಹಚ್ಚಿದ ಮೇಲೆ ಗಾರೆಯು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಹೀರಿಕೊಳ್ಳುತ್ತ, ತಿಂಗಳುಗಳು, ದಪ್ಪ ಗೋಡೆಯಾದರೆ ವರ್ಷಗಳ ಅವಧಿಯಲ್ಲಿ, ಮತ್ತೆ ಸುಣ್ಣದ ಕಲ್ಲೇ ಆಗುತ್ತದೆ. ಇಟ್ಟಿಗೆಯ ಪುಡಿ ಇದ್ದರೆ ಗಾಳಿ ತಲುಪದ ಒಳಭಾಗವೂ ಗಟ್ಟಿಯಾಗುತ್ತದೆ.

ಹಳೆಯ ಗೋಡೆಯಿಂದ ಕಳಚಿಬಿದ್ದ ಗಾರೆಯ ಚೂರನ್ನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಮುರಿದ ಮುಖದಲ್ಲಿ ಮರಳಿನ ಹರಳು, ಇಟ್ಟಿಗೆಯ ಕೆಂಪು ಚುಕ್ಕೆ, ನಡುನಡುವೆ ಸಾಸಿವೆ ಗಾತ್ರದ ಅಚ್ಚಬಿಳಿಯ ಸುಣ್ಣದ ಗಂಟುಗಳು ಕಾಣುತ್ತವೆ. ಆ ಗಂಟುಗಳಿಗೂ ಕೆಲಸವಿದೆ. ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟು ನೀರು ಇಳಿದರೆ, ಸ್ವಲ್ಪ ಸುಣ್ಣ ಕರಗಿ ಬಿರುಕಿನಲ್ಲಿ ಮತ್ತೆ ಹೆಪ್ಪುಗಟ್ಟಿ ಅದನ್ನು ಮುಚ್ಚಬಲ್ಲದು. ಗಾರೆಯ ಮತ್ತೊಂದು ಗುಣ ಸಣ್ಣಸಣ್ಣ ರಂಧ್ರಗಳು. ನೆಲದಿಂದ ಏರಿದ, ಮಳೆಯಿಂದ ಹೀರಿದ ತೇವ ಈ ರಂಧ್ರಗಳ ಮೂಲಕ ಬಿಸಿಲಿಗೆ ಆರಿಹೋಗುತ್ತದೆ.

ಗೋಡೆಯ ಪಾತ್ರವೂ ಇಂದಿನದಕ್ಕಿಂತ ಬೇರೆ. ಇಂದಿನ ಕಾಂಕ್ರೀಟ್ ಕಟ್ಟಡ ಮದುವೆಯ ಚಪ್ಪರದಂತೆ: ಭಾರ ಹೊರುವುದು ಕಂಬ ಮತ್ತು ತೊಲೆ, ಗೋಡೆಯು ಸುತ್ತ ಕಟ್ಟಿದ ಪರದೆ ಮಾತ್ರ. ಪರದೆ ಬಿಚ್ಚಿದರೆ ಚಪ್ಪರ ಬೀಳುವುದಿಲ್ಲ. ಹಳೆಯ ಕಟ್ಟಡದಲ್ಲಿ ಕಂಬದ ಕೆಲಸವನ್ನೂ ಗೋಡೆಯೇ ಮಾಡುತ್ತದೆ. ಅದಕ್ಕಾಗಿಯೇ ಅದು ಅಷ್ಟು ದಪ್ಪ. ಅಲ್ಲಿ ಬಾಗಿಲಿಗೆಂದು ಗೋಡೆ ಒಡೆಯುವುದು ಕಂಬವನ್ನು ಕಡಿದಂತೆ.

ಮದ್ರಾಸ್ ತಾರಸಿ

ಕಾಂಕ್ರೀಟ್ ಇಲ್ಲದ ಕಾಲದಲ್ಲಿ ಸಮತಟ್ಟಾದ ತಾರಸಿಯನ್ನು ಹೀಗೆ ಕಟ್ಟುತ್ತಿದ್ದರು. ಗೋಡೆಯಿಂದ ಗೋಡೆಗೆ ಮರದ ಜಂತೆಗಳನ್ನು ಒತ್ತೊತ್ತಾಗಿ ಇಡುತ್ತಾರೆ. ಅವುಗಳ ಮೇಲೆ ತೆಳುವಾದ ಸಣ್ಣ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಗಾರೆ ಮೆತ್ತಿ, ಓರೆಯಾಗಿ ಒಂದಕ್ಕೊಂದು ಒತ್ತಿ ಜೋಡಿಸುತ್ತಾರೆ. ಅದರ ಮೇಲೆ ಇಟ್ಟಿಗೆ ಚೂರು ಮತ್ತು ಸುಣ್ಣದ ದಪ್ಪನೆಯ ಪದರ. ಕೂಲಿಯವರು, ಹೆಚ್ಚಾಗಿ ಹೆಂಗಸರು, ಸಾಲಾಗಿ ಕುಳಿತು ಮರದ ಬಡಿಗೆಗಳಿಂದ ದಿನಗಟ್ಟಲೆ ಅದನ್ನು ಬಡಿಯುತ್ತಿದ್ದರು. ಬಡಿದಷ್ಟೂ ಒಳಗಿನ ಗಾಳಿ ಹೊರಬಿದ್ದು ಪದರ ಬಿಗಿಯಾಗುತ್ತದೆ. ಕೊನೆಗೆ ಚಪ್ಪಟೆ ಬಿಲ್ಲೆ ಹಾಸಿ ಗಾರೆಯಿಂದ ನಯಮಾಡಿದರೆ ತಾರಸಿ ಸಿದ್ಧ. ಹಳೆಯ ಕಚೇರಿಗಳಲ್ಲಿ ಕತ್ತೆತ್ತಿ ನೋಡಿದರೆ ಜಂತೆಗಳ ನಡುವೆ ಆ ಓರೆ ಇಟ್ಟಿಗೆಗಳ ಸಾಲು ಇಂದಿಗೂ ಕಾಣಸಿಗುತ್ತದೆ.

ಈ ತಾರಸಿಯ ದುರ್ಬಲ ಜಾಗ ಜಂತೆಯ ತುದಿ, ಅಂದರೆ ಗೋಡೆಯೊಳಗೆ ಹುದುಗಿರುವ ಒಂದು ಗೇಣು ಮರ. ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಗೋಡೆ ಒಣಗಿರುವವರೆಗೆ ಅದಕ್ಕೆ ಏನೂ ಆಗದು. ಗೋಡೆ ವರ್ಷಗಟ್ಟಲೆ ತೇವವಾಗಿದ್ದರೆ ಆ ತುದಿ ಕೊಳೆತು, ಗೆದ್ದಲು ಹತ್ತಿ, ಹೊರಗೆ ಕಾಣುವ ಜಂತೆ ಗಟ್ಟಿಯಾಗಿಯೇ ಇದ್ದರೂ ಒಂದು ದಿನ ಸೂರು ಹಠಾತ್ತನೆ ಇಳಿಯುತ್ತದೆ. ಮಳೆಗಾಲದ ಕೊನೆಗೆ ಇಂಥ ಕುಸಿತಗಳು ಕೇಳಿಬರುವುದಕ್ಕೆ ಇನ್ನೊಂದು ಕಾರಣವೂ ಇದೆ: ನೀರು ಕುಡಿದ ಗಾರೆಯ ಪದರದ ತೂಕ ಆಗ ಅತಿ ಹೆಚ್ಚು.

ಹಾಳಾಗುವ ದಾರಿ

ಮೊದಲು ಮಳೆನೀರಿನ ಕೊಳವೆ ಎಲೆ-ಕಸದಿಂದ ಕಟ್ಟಿಕೊಳ್ಳುತ್ತದೆ. ತಾರಸಿಯಲ್ಲಿ ನೀರು ನಿಲ್ಲುತ್ತದೆ. ಹಕ್ಕಿಯ ಹಿಕ್ಕೆಯಿಂದ ಬಿದ್ದ ಅರಳಿ ಬೀಜ ಮೊಳೆತು ಬೇರು ಗಾರೆಯ ಸಂದಿಗೆ ಇಳಿಯುತ್ತದೆ. ಸಸಿಯನ್ನು ಕತ್ತರಿಸಿದರೆ ಸಾಲದು, ಬೇರು ಉಳಿದರೆ ಮತ್ತೆ ಚಿಗುರುತ್ತದೆ. ಗೋಡೆ ತೇವವಾದದ್ದನ್ನು ಕಂಡು, ಒಳ್ಳೆಯ ಉದ್ದೇಶದಿಂದಲೇ, ಯಾರೋ ಸಿಮೆಂಟಿನ ಗಿಲಾವು ಮಾಡಿಸುತ್ತಾರೆ. ನಿಜವಾದ ತೊಂದರೆ ಬಹಳ ಸಲ ಇಲ್ಲಿಂದ ಆರಂಭವಾಗುತ್ತದೆ.

ಸೆಕೆಯಲ್ಲಿ ಹತ್ತಿಯ ಅಂಗಿಯ ಮೇಲೆ ಪ್ಲಾಸ್ಟಿಕ್ ಕೋಟು ತೊಟ್ಟರೆ ಬೆವರು ಆರುವುದಿಲ್ಲ. ಸಿಮೆಂಟು ಗಾರೆಗಿಂತ ಗಟ್ಟಿ, ರಂಧ್ರಗಳೂ ಕಡಿಮೆ. ಆದ್ದರಿಂದ ನೆಲದಿಂದ ಏರಿದ ತೇವ ಹೊರಹೋಗಲು ದಾರಿಯಿಲ್ಲದೆ ಒಳಗೇ ಉಳಿಯುತ್ತದೆ, ಅದರಲ್ಲಿ ಕರಗಿದ ಲವಣಗಳು ಹರಳುಗಟ್ಟಿ ಇಟ್ಟಿಗೆಯನ್ನು ಪುಡಿಗಟ್ಟುತ್ತವೆ. ಗೋಡೆ ಹೊರಗಿನಿಂದ ನಯವಾಗಿ ಕಾಣುತ್ತಲೇ ಒಳಗೆ ಸಡಿಲವಾಗುತ್ತದೆ. ಬೆರಳ ಗೆಣ್ಣಿನಿಂದ ತಟ್ಟಿದಾಗ ಗಟ್ಟಿ ಸದ್ದಿನ ಬದಲು ಟೊಳ್ಳು ಸದ್ದು ಬಂದರೆ ಗಿಲಾವು ಗೋಡೆಯಿಂದ ಬಿಟ್ಟುಕೊಂಡಿದೆ ಎಂದು ಅರ್ಥ. ಇದಕ್ಕೆ ನೀರಿನ ಟ್ಯಾಂಕು, ಮೇಲೆ ಸೇರಿಸಿದ ಕೊಠಡಿ, ಸೋರಿಕೆ ತಡೆಯಲೆಂದು ಪದರದ ಮೇಲೆ ಹಾಕಿದ ಪದರಗಳ ಭಾರವೂ ಸೇರುತ್ತದೆ.

ಪಾರಂಪರಿಕ ಕಟ್ಟಡ, ಸಂರಕ್ಷಿತ ಸ್ಮಾರಕ

ಈ ಎರಡು ಪದಗಳನ್ನು ಒಂದೇ ಅರ್ಥದಲ್ಲಿ ಬಳಸುವುದುಂಟು, ಆದರೆ ಕಾನೂನಿನಲ್ಲಿ ಅವು ಬೇರೆಬೇರೆ. ಸಂರಕ್ಷಿತ ಸ್ಮಾರಕವೆಂದರೆ ಕೇಂದ್ರದ 1958ರ ಕಾಯ್ದೆ ಅಥವಾ ರಾಜ್ಯದ 1961ರ ಕಾಯ್ದೆಯಡಿ ಅಧಿಸೂಚನೆಯ ಮೂಲಕ ಘೋಷಿಸಿದ್ದು. ಕೇಂದ್ರದ ಪಟ್ಟಿಯಲ್ಲಿರುವ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಗಿನ 200 ಮೀಟರ್ ನಿಯಂತ್ರಿತ ಪ್ರದೇಶ. ಪಾರಂಪರಿಕ ಕಟ್ಟಡ ಎಂಬ ಪರಿಕಲ್ಪನೆ ನಗರ ಯೋಜನೆಯ ಕಾನೂನಿನಿಂದ ಬರುತ್ತದೆ. ವಾಸ್ತುಶಿಲ್ಪ, ಇತಿಹಾಸ ಅಥವಾ ಸಂಸ್ಕೃತಿಯ ದೃಷ್ಟಿಯಿಂದ ಉಳಿಸತಕ್ಕದ್ದೆಂದು ಗುರುತಿಸಿದ, ಆದರೆ ಜನ ವಾಸಿಸುವ, ವ್ಯಾಪಾರ ನಡೆಯುವ ಕಟ್ಟಡವೂ ಅದರಲ್ಲಿ ಸೇರಬಹುದು.

ಸುದ್ದಿಯಲ್ಲಿ ಬರುವ ಇನ್ನೂ ಮೂರು ಪದಗಳಿವೆ. ಸಂರಕ್ಷಣೆ ಎಂದರೆ ಇದ್ದುದನ್ನು ಇದ್ದಂತೆ ಉಳಿಸಿ ಹಾಳಾಗುವಿಕೆಯನ್ನು ತಡೆಯುವುದು. ಪುನರುಜ್ಜೀವನ ಎಂದರೆ ನಂತರ ಸೇರಿದ್ದನ್ನು ತೆಗೆದು, ಮೂಲ ವಸ್ತುಗಳಿಂದಲೇ ಹಿಂದಿನ ರೂಪಕ್ಕೆ ತರುವುದು. ಪುನರ್ನಿರ್ಮಾಣ ಎಂದರೆ ಕೆಡವಿ ಅದೇ ಮುಖವನ್ನು ಹೊಸ ಸಾಮಗ್ರಿಯಲ್ಲಿ ಕಟ್ಟುವುದು. ಮೂರನೆಯದರಲ್ಲಿ ಶೈಲಿ ಉಳಿಯುತ್ತದೆ, ಗಾರೆ, ಜಂತೆ, ಕಮಾನು ಉಳಿಯುವುದಿಲ್ಲ. ಲ್ಯಾನ್ಸ್‌ಡೌನ್ ಮತ್ತು ದೇವರಾಜ ಮಾರುಕಟ್ಟೆಗಳ ವಿಷಯದಲ್ಲಿ ವಾದಿಸುತ್ತಿರುವವರ ನಡುವಿನ ಅಂತರ ಬಹುಪಾಲು ಈ ಪದಗಳ ನಡುವಿನ ಅಂತರವೇ.

ಯಾವುದು ಸಾಧ್ಯ ಎಂಬುದು ಪರೀಕ್ಷೆಯಿಂದ ತಿಳಿಯಬೇಕು. ಪಾಯ ಕುಸಿದಿದೆಯೇ, ಜಂತೆಯ ತುದಿಗಳಲ್ಲಿ ಎಷ್ಟು ಕೊಳೆತಿವೆ, ಗೋಡೆ ಎಷ್ಟು ವಾಲಿದೆ ಎಂಬುದನ್ನು ಅಳೆಯಲು ಇಂದು ಉಪಕರಣಗಳಿವೆ. ಬಿರುಕಿನ ವಿಷಯದಲ್ಲಿ ಮಾತ್ರ ತೀರಾ ಹಳೆಯ, ಅಗ್ಗದ ವಿಧಾನವೊಂದು ಇನ್ನೂ ಬಳಕೆಯಲ್ಲಿದೆ. ಬಿರುಕಿಗೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಯೊಂದನ್ನು ಎರಡೂ ತುದಿಗಳಲ್ಲಿ ಗೋಡೆಗೆ ಅಂಟಿಸಿ, ಅಂದಿನ ದಿನಾಂಕ ಬರೆದಿಡುತ್ತಾರೆ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆದ ಮೇಲೂ ಗಾಜು ಹಾಗೇ ಇದ್ದರೆ ಬಿರುಕು ಹಳೆಯದು, ನಿಂತುಹೋದದ್ದು. ಅದನ್ನು ಗಾರೆಯಿಂದ ತುಂಬಬಹುದು. ಗಾಜು ಒಡೆದಿದ್ದರೆ ಗೋಡೆ ಇನ್ನೂ ಚಲಿಸುತ್ತಿದೆ ಎಂದರ್ಥ, ಆಗ ಬಿರುಕನ್ನು ಮುಚ್ಚುವ ಮೊದಲು ಅದರ ಕಾರಣವನ್ನು ಪಾಯದಲ್ಲೋ ಸೂರಿನಲ್ಲೋ ಹುಡುಕಬೇಕಾಗುತ್ತದೆ.